ಮೊದಲ ಸೆಕ್ಯುರಿಟಿ ನೌಕರಿ: ರೊಕ್ಕ ಕಟ್ಟಬೇಕೋ ಬ್ಯಾಡೋ?

ಸಿಂದಗಿ ಅಣ್ಣ
ನನ್ನ ತಮ್ಮಗ 19 ನಡದಾವ. ಪಿಯುಸಿ ಮುಗಿಸ್ಯಾನ. ವಿಜಯಪುರದಾಗ ಒಂದು ಸೆಕ್ಯುರಿಟಿ ಏಜೆನ್ಸಿಗೆ ಕರ್ಕೊಂಡು ಹೋಗಿದ್ದೆ. ಯುನಿಫಾರ್ಮ್, ಟ್ರೇನಿಂಗ್ ಅಂತ 4,500 ರೂಪಾಯಿ ಕಟ್ರಿ, ಎಸ್ಸೆಸ್ಸೆಲ್ಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮ ಕಡಿ ಇಡ್ರಿ, ಬಾಗಲಕೋಟಿ ಕಡಿ ಸಕ್ಕರಿ ಫ್ಯಾಕ್ಟರಿ ಗೇಟಿಗೆ ಹಾಕ್ತೀವಿ ಅಂದ್ರು. ಡ್ಯೂಟಿ 12 ತಾಸು, ಪಗಾರ 13,000. ಅವ್ವ ಬೆಂಡೋಲಿ ಒತ್ತಿ ಇಟ್ಟು ರೊಕ್ಕ ತರ್ತೀನಿ ಅನ್ನಾಕತ್ತಾಳ. ಈ ಕೆಲಸ ತಿಳಿದವರು ಹೇಳ್ರಿ, ಕಟ್ಟಬೇಕೋ ಬ್ಯಾಡೋ?

ಗೇಟ್ ನಂಬರ್ 2
ಅಣ್ಣಾರ, ಕಟ್ಟಬ್ಯಾಡ್ರಿ. ನಾನೂ ಹಿಂಗ ಕಟ್ಟಿದ್ದೆ. ಮೂರು ತಿಂಗಳಿಗೆ ಬಿಟ್ಟು ಬಂದೆ, ಮಾರ್ಕ್ಸ್ ಕಾರ್ಡ್ ಕೊಡಾಕ ಆರು ತಿಂಗಳು ಅಡ್ಡಾಡಿಸಿದ್ರು. ಅಷ್ಟರಾಗ ಒಂದು ಸರಕಾರಿ ನೌಕರಿ ಅರ್ಜಿ ತಾರೀಖು ಹೋತು. ಈಗ ಐದು ವರ್ಷದಿಂದ ಬ್ಯಾರೆ ಏಜೆನ್ಸಿ, ಅದೂ ಸಕ್ಕರಿ ಫ್ಯಾಕ್ಟರಿ ಗೇಟೇ. ಹಂಗಾಮಿನಾಗ ರಾತ್ರಿಯಿಡೀ ಕಬ್ಬಿನ ಟ್ರ್ಯಾಕ್ಟರ್ ಸಾಲು ಮುಗಿಯಂಗಿಲ್ಲ, ಒಂದೊಂದರ ನಂಬರ್ ರಿಜಿಸ್ಟರಿನಾಗ ಬರ್ಕೋಬೇಕು, ಕೂಡಾಕ ಒಂದು ಕುರ್ಚಿ ಇಲ್ಲ. ತಮ್ಮಗ ಇದನ್ನೂ ತಿಳಿಸಿ ಹೇಳ್ರಿ.

ಹವಾಲ್ದಾರ ಗೋಕಾಕ
ಗೇಟಿನ್ಯಾಗ ಕುರ್ಚಿ ಕೇಳಾವ್ರು ಈ ಕೆಲಸಕ್ಕ ಬರಬಾರ್ದು. ನಾ 17 ವರ್ಷ ಫೌಜಿನಾಗ ಇದ್ದೆ, ಸೆಂಟ್ರಿ ಡ್ಯೂಟಿ ನಿಂತೇ ಮಾಡೇನಿ. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್ ಗೇಟಿಗೆ ಹೋಗಿ ನೋಡ್ರಿ, ಸೆಂಟ್ರಿ ಹೆಂಗ ನಿಂತಿರ್ತಾನ ಅಂತ. ಕುಂತಾವಗ ನಿದ್ದಿ ಬರ್ತೈತಿ, ನಿದ್ದಿ ಬಂದಲ್ಲಿ ಕಳವು ಆಗ್ತೈತಿ.

ಗೇಟ್ ನಂಬರ್ 2
ಸಾಹೇಬ್ರ, ನಿಮ್ಮ ಸೆಂಟ್ರಿ ಎರಡು ತಾಸಿಗೆ ಬದಲಾಗ್ತಾನ. ನನಗ ರಿಲೀವರ್ ಬರೂದು 12 ತಾಸಿಗೆ. ಅವ ಬರಲಿಲ್ಲಂದ್ರ ಡಬಲ್ ಡ್ಯೂಟಿ, 24 ತಾಸು.

ಕಾನೂನು ವಿದ್ಯಾರ್ಥಿ, ವಿಜಯಪುರ
ಮೂಲ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಬಂದದ್ದು 2005ರಲ್ಲಿ. ಅದರ 9ನೇ ಕಲಂ ಪ್ರಕಾರ ಗಾರ್ಡ್‌ಗೆ ತರಬೇತಿ ಸಿಗುವಂತೆ ನೋಡಿಕೊಳ್ಳುವುದು ಏಜೆನ್ಸಿಯ ಹೊಣೆ. ಕೇಂದ್ರದ ಮಾದರಿ ನಿಯಮದಲ್ಲಿ 100 ಗಂಟೆ ತರಗತಿ, 60 ಗಂಟೆ ಮೈದಾನದ ತರಬೇತಿ ಇದೆ, ಕನಿಷ್ಠ 20 ಕೆಲಸದ ದಿನ ಆಗಬೇಕು. ಲೈಸೆನ್ಸ್ ಪ್ರತಿಯನ್ನು ಕಚೇರಿಯಲ್ಲಿ ಎದ್ದು ಕಾಣುವಂತೆ ಹಾಕಿರಲೇಬೇಕು. ಅಲ್ಲಿ ಗೋಡೆ ಮೇಲೆ ಅದು ಇತ್ತಾ, ಮೊದಲು ಅದನ್ನು ಹೇಳಿ.

ಉದ್ಯಮಬಾಗ ಫೀಲ್ಡ್ ಆಫೀಸರ್
"ಏಜೆನ್ಸಿಯ ಹೊಣೆ" ಅಂದ್ರ ಫುಕಟ್ ಅಂತ ಕಾಯ್ದ್ಯಾಗ ಎಲ್ಲಿ ಬರದೈತಿ ತೋರಿಸ್ರಿ. ಎರಡು ಜೊತಿ ಯುನಿಫಾರ್ಮ್, ಬೂಟು, ಬೆಲ್ಟ್, ಸೀಟಿ ಇಸ್ಕೊಂಡು 15 ದಿನಕ್ಕ ಫೋನ್ ಬಂದ್ ಮಾಡಿ ಊರಿಗೆ ಹೋಗೋ ಹುಡುಗರನ್ನ, ಏಜೆನ್ಸ್ಯಾಗ ಗಾರ್ಡುಗಳನ್ನ ನೋಡ್ಕೊಳ್ಳಾವ ನಾ, ದಿನಾ ನೋಡ್ತೀನಿ. ಆ ಖರ್ಚು ಯಾರು ಹೊರಬೇಕು? ಇನ್ನ ಕುರ್ಚಿ ವಿಚಾರ. ಅದು ನಮ್ಮ ಕೈಯಾಗಿಲ್ಲ. ಕುಂತ ಗಾರ್ಡಿನ ಫೋಟೋ ಹೊಡದು, ಗಾರ್ಡ್ ಹಾಕಿಸ್ಕೊಂಡ ಕಂಪನಿಯವ್ರು ನಮಗ ವಾಟ್ಸಾಪ್ ಮಾಡ್ತಾರ, ತಿಂಗಳ ಬಿಲ್ಲಿನಾಗ ರೊಕ್ಕ ಮುರೀತಾರ.

ಜಮಖಂಡಿ ಅಕ್ಕ
ಬಿಲ್ಲಿನ ಲೆಕ್ಕ ಹೇಳಿದ್ರಿ, ಕಾಲಿನ ಲೆಕ್ಕ ಕೇಳ್ರಿ. ನಮ್ಮ ಮನಿಯವ್ರು ಒಂಬತ್ತು ವರ್ಷ ರಾತ್ರಿ ಪಾಳಿ ಮಾಡ್ಯಾರ. ಮುಂಜಾನೆ ಬಂದ ಕೂಡ್ಲೆ ಬೂಟು ತಗದ್ರ ಸಾಕ್ಸಿನ ದಾರದ ಗುರ್ತು ಕಾಲಾಗ ಒಂದು ಬಟ್ಟು ಒಳಗ ಇಳದಿರ್ತೈತಿ, ಮಧ್ಯಾಹ್ನಾದ್ರೂ ಹೋಗಂಗಿಲ್ಲ. ಬುಟ್ಟ್ಯಾಗ ಬಿಸಿನೀರು, ಉಪ್ಪು ಹಾಕಿ ಕಾಲು ಇಟ್ಟು ಕೂಡಸ್ತೀನಿ. ಮೀನಖಂಡದಾಗ ನರ ನೀಲಿಯಾಗಿ ಹಗ್ಗದಂಗ ಎದ್ದಾವ. ಡಾಕ್ಟ್ರು ತಾಸಿಗೊಮ್ಮೆ ಕುಂದರ್ಬೇಕು ಅಂದ್ರು. ಎಲ್ಲಿ ಕುಂದರ್ಬೇಕ್ರಿ, ನೆಲದ ಮ್ಯಾಲೇನು?

ಹವಾಲ್ದಾರ ಗೋಕಾಕ
ಅಕ್ಕಾರ, ನಿಮ್ಮ ಯಜಮಾನ್ರ ಬಗ್ಗೆ ಬ್ಯಾಸರ ಐತಿ. ಆದ್ರ ನರ ಏಳೂದು ಮಾಸ್ತರಿಗೂ ಆಗ್ತೈತಿ, ಬಸ್ ಕಂಡಕ್ಟರಿಗೂ ಆಗ್ತೈತಿ. ಅದಕ್ಕ ಗೇಟಿನ ಶಿಸ್ತು ಬಿಡಾಕ ಬರಂಗಿಲ್ಲ.

ಕಾನೂನು ವಿದ್ಯಾರ್ಥಿ, ವಿಜಯಪುರ
ಶಿಸ್ತಿನ ಮಾತಲ್ಲ, ಕಾನೂನಿನ ಮಾತು. 1948ರ ಫ್ಯಾಕ್ಟರಿ ಕಾಯ್ದೆ 44ನೇ ಕಲಂ ಓದಿ. ನಿಂತೇ ದುಡಿಯಬೇಕಾದ ಕಾರ್ಮಿಕರಿಗೆ, ಕೆಲಸದ ನಡುವೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಮಾಡಲೇಬೇಕು ಅಂತ ಇತ್ತು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಯಲ್ಲೂ ನಿಂತು ದುಡಿಯುವವರಿಗೆ ಕೂರುವ ವ್ಯವಸ್ಥೆ ಇರಬೇಕು ಅಂತಲೇ ಇದೆ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೂ ಕೂರುವ ಹಕ್ಕು ಕೊಟ್ಟಿವೆ.

ಉದ್ಯಮಬಾಗ ಫೀಲ್ಡ್ ಆಫೀಸರ್
ಕೇರಳದ ಸೀರಿ ಅಂಗಡಿ ಕಾನೂನು ತಂದು ಬಾಗಲಕೋಟಿ ಫ್ಯಾಕ್ಟರಿ ಗೇಟಿಗೆ ಹಚ್ತೀರಲ್ಲ ತಮ್ಮಾ! ಕರ್ನಾಟಕದ್ದು ಹೇಳು.

ಕಾನೂನು ವಿದ್ಯಾರ್ಥಿ, ವಿಜಯಪುರ
ಫ್ಯಾಕ್ಟರಿ ಕಾನೂನು ಕೇಂದ್ರದ್ದು, ಕರ್ನಾಟಕಕ್ಕೂ ಅದೇ. ಅದನ್ನು ಬಿಟ್ಟು ಕೇರಳವನ್ನಷ್ಟೇ ಹಿಡಿದುಕೊಂಡಿರಿ.

ಉದ್ಯಮಬಾಗ ಫೀಲ್ಡ್ ಆಫೀಸರ್
"ಬಿಡುವು ಸಿಕ್ಕಾಗ" ಅಂತ ನೀನ ಬರದೀ. ಗೇಟಿಗೆ ಬಿಡುವು ಎಲ್ಲೈತಿ?

ಗೇಟ್ ನಂಬರ್ 2
ಬಿಡುವು ಇಲ್ಲಂದ್ರ ಇನ್ನೊಬ್ಬ ಮನಶಾನ್ನ ಹಾಕ್ರಿ! ನಮ್ಮ ಗೇಟಿನ ಲೆಕ್ಕದಾಗ ಏಜೆನ್ಸಿಯಿಂದ ಫ್ಯಾಕ್ಟರಿಗೆ ಬಿಲ್ ಮೂರು ಜನರದ್ದು ಹೋಗ್ತೈತಿ, ನಿಂದ್ರಾವ್ರು ಇಬ್ಬರು. ಮೂರನೇದವನ ಪಗಾರ ಯಾರ ಕಿಸೆಕ್ಕ ಹೊಂಟೈತಿ? ಅದನ್ನ ಕೇಳಿದ್ರ ಕುರ್ಚಿ ಸಿಗಂಗಿಲ್ಲ, ನೌಕರೀನ ಹೋಗ್ತೈತಿ.

ಉದ್ಯಮಬಾಗ ಫೀಲ್ಡ್ ಆಫೀಸರ್
ಎಲ್ಲಾ ಏಜೆನ್ಸಿಯವ್ರನ್ನ ಕಳ್ಳರು ಅನ್ನಬ್ಯಾಡ್ರಿ. ನನ್ನ ಕೈ ಕೆಳಗಿನ ಹುಡುಗರಿಗೆ ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ದವಾಖಾನಿ ವಿಮೆ) ಎಲ್ಲಾ ತುಂಬೇನಿ. ಹಬ್ಬದ ದಿನ ಗಾರ್ಡ್ ಬರದಿದ್ರ ನಾನೇ ಗೇಟಿನ್ಯಾಗ ನಿಂತೇನಿ.

ಸಿಂದಗಿ ಅಣ್ಣ
ಹಿರ್ಯಾರ, ಕುರ್ಚಿ ಮಾತು ಸ್ವಲ್ಪ ಬಾಜು ಇಡ್ರಿ. ಲೈಸೆನ್ಸ್ ಗೋಡಿ ಮ್ಯಾಲ ಕಾಣ್ಲಿಲ್ಲ, ಒಂದು ಕ್ಯಾಲೆಂಡರ್ ಇತ್ತು ಅಷ್ಟ. ತಮ್ಮನ ಎತ್ತರ 5 ಅಡಿ 4 ಇಂಚು, ನಡೀತೈತೇನು? ಮಾರ್ಕ್ಸ್ ಕಾರ್ಡ್ ಕೊಡ್ಲೋ ಬ್ಯಾಡೋ? ನಾಳೆ ಸಂಜಿಗೆ ಹೇಳ್ಬೇಕು.

ಕಾನೂನು ವಿದ್ಯಾರ್ಥಿ, ವಿಜಯಪುರ
ನಡೆಯುತ್ತದೆ. ಮಾದರಿ ನಿಯಮದಲ್ಲಿ ಗಂಡಸರಿಗೆ 160 ಸೆಂ.ಮೀ., ಎದೆ 80, ಉಬ್ಬಿಸಿದರೆ ಇನ್ನೂ 4. ವಯಸ್ಸು 18 ತುಂಬಿರಬೇಕು. ಒರಿಜಿನಲ್ ಕೈಬಿಡಬೇಡಿ, ತೋರಿಸಿ ಜೆರಾಕ್ಸ್ ಕೊಡಿ. ಸೇರಿದ ಮೇಲೆ ಫೋಟೋ ಇರುವ ಗುರುತಿನ ಚೀಟಿ, ಪಿಎಫ್‌ನ ಖಾತೆ ನಂಬರ್ (ಯುಎಎನ್), ಇಎಸ್‌ಐ ನಂಬರ್ ಕೇಳಿ ಪಡೆಯಬೇಕು. ಪಿಎಫ್ ತುಂಬುತ್ತಾರೋ ಇಲ್ಲವೋ ಸರ್ಕಾರದ ಉಮಂಗ್ ಆ್ಯಪಿನಲ್ಲಿ ತಮ್ಮನೇ ನೋಡಬಹುದು. ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಓಟಿ ಅಂತ ಡಬಲ್ ಕೂಲಿ. ದಿನಕ್ಕೆ 12 ಗಂಟೆ ದುಡಿಸಿ 13,000 ಅಂದರೆ ಆ ಓಟಿ ಎಲ್ಲಿ ಹೋಯಿತು, ಕೇಳಿ.

ಹವಾಲ್ದಾರ ಗೋಕಾಕ
ಮೊದಲ ನೌಕರಿಗೆ ಹೊಂಟ ಹುಡುಗಗ ಕೇಳು, ಕೇಳು ಅಂತನ ಕಲಿಸಾಕತ್ತೀರಿ. ಮೊದಲ ದಿನ ಬೂಟಿಗೆ ಪಾಲಿಶ್ ಮಾಡ್ಕೊಂಡು ಹತ್ತು ನಿಮಿಷ ಮೊದಲ ಹೋಗು, ಹಿಂದಿನವನ ರಿಜಿಸ್ಟರ್ ಓದಿ ಚಾರ್ಜ್ ತಗೋ, ಬೀಗ ಎಣಿಸು, ಓದದ ಎಲ್ಲೂ ಸಹಿ ಮಾಡಬ್ಯಾಡ. ಇದನ್ನ ಯಾರೂ ಹೇಳ್ಲಿಲ್ಲ.

ಜಮಖಂಡಿ ಅಕ್ಕ
ಓದದ ಸಹಿ ಮಾಡಬ್ಯಾಡ ಅಂದ್ರಲ್ಲ, ನಮ್ಮವ್ರ ಕಡಿಂದ ಖಾಲಿ ವೋಚರ್ ಮ್ಯಾಲ ಸಹಿ ತಗೊಂಡಿದ್ರು. ಪಗಾರ ಒಂದು, ಅದರ ಮ್ಯಾಲ ಬರ್ಕೊಂಡದ್ದು ಒಂದು. ನಿಮ್ಮಂಥ ಹಿರ್ಯಾರು ಇದನ್ನ ನಾಕು ಮಂದ್ಯಾಗ ಜೋರಾಗಿ ಹೇಳಬೇಕು, ಕುರ್ಚಿ ಬ್ಯಾಡ ಅನ್ನೂದನ್ನಲ್ಲ.

ಹವಾಲ್ದಾರ ಗೋಕಾಕ
ಹೇಳೇನಲ್ಲ ಅಕ್ಕಾರ. ಕುರ್ಚಿ ಬ್ಯಾರೆ ಮಾತು.

ಸಿಂದಗಿ ಅಣ್ಣ
ಇವತ್ತು ಹೋಗಿದ್ವಿ. ರಶೀದಿ ಕೊಡ್ರಿ, ಲೈಸೆನ್ಸ್ ತೋರಿಸ್ರಿ ಅಂದೆ. ಮೊದಲು ರೊಕ್ಕ ತರ್ರಿ ಅಂದ್ರು. ತಮ್ಮ ಮಾರ್ಕ್ಸ್ ಕಾರ್ಡ್ ವಾಪಸ್ ಚೀಲದಾಗ ಇಟ್ಕೊಂಡು ಎದ್ದ. ಬೆಂಡೋಲಿ ಅವ್ವನ ಕಿವ್ಯಾಗ ಅದಾವ. ಬ್ಯಾರೆ ಕಡಿ ಹುಡುಕಾಕತ್ತೀವಿ, ಬೆಳಗಾವಿ ಆದ್ರೂ ಸೈ.

ಉದ್ಯಮಬಾಗ ಫೀಲ್ಡ್ ಆಫೀಸರ್
ಬೆಳಗಾವಿ ಉದ್ಯಮಬಾಗಕ್ಕ, ನಮ್ಮಲ್ಲಿ ಕಳಸ್ರಿ. ಒರಿಜಿನಲ್ ಬ್ಯಾಡ. ಯುನಿಫಾರ್ಮ್ ರೊಕ್ಕ ಮಾತ್ರ ಪಗಾರದಾಗ ಮೂರು ಕಂತಿನಾಗ ಮುರ್ಕೊಂತೀವಿ, ರಶೀದಿ ಕೊಡ್ತೀವಿ.

ಗೇಟ್ ನಂಬರ್ 2
ಕುರ್ಚಿ ಕೊಡ್ತೀರೇನು?

ಉದ್ಯಮಬಾಗ ಫೀಲ್ಡ್ ಆಫೀಸರ್
ಅದು ಕಂಪನಿಯವ್ರಿಗೆ ಬಿಟ್ಟದ್ದು ಅಂತ ಆಗಲೇ ಹೇಳೇನಿ.

ಹವಾಲ್ದಾರ ಗೋಕಾಕ
ಸರಿಯಾಗೇ ಹೇಳ್ಯಾರ.

ಗೇಟ್ ನಂಬರ್ 2
ನಾಳೆ ರಾತ್ರಿ 8ರಿಂದ ಮುಂಜಾನೆ 8ರ ತನಕ ನನ್ನ ಡ್ಯೂಟಿ ಐತಿ. ಹವಾಲ್ದಾರ ಸಾಹೇಬ್ರ, ಗೋಕಾಕದಿಂದ ಬಸ್ ಅದಾವ. ಬಂದು ನನ್ನ ಬಾಜು ನಿಂದರ್ರಿ.