ಪದಚರ್ಚೆ: ಹುರುಪೆಯ ಬಗೆಗಳು, 'ಹಳಗಡಲು', ಮತ್ತೆ ಮೀನಿನ ಪಳೆಯುಳಿಕೆಗೆ ಬೇಕಾದ ಇನ್ನು ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ಹೈಸ್ಕೂಲೊಂದರ ವಿಜ್ಞಾನ ಪ್ರದರ್ಶನಕ್ಕೆ ಮೀನಿನ ಪಳೆಯುಳಿಕೆಗಳ ಬಗ್ಗೆ ಕನ್ನಡದಲ್ಲಿ ಫಲಕ ಬರೆಯುತ್ತಿದ್ದೇನೆ. ಓದುವವರು ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳು. ಕೆಲವು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮೊದಲು ಹುರುಪೆ, ಅಂದರೆ ಮೀನಿನ ಮೈ ಹೊದಿಸಿರುವ ಸಣ್ಣ ಬಿಲ್ಲೆ. ಪುಸ್ತಕಗಳಲ್ಲಿ 'ಶಲ್ಕ' ಅಂತಲೂ ಬರುತ್ತದೆ. ಆದರೆ ಮಕ್ಕಳಿಗೆ ಅದನ್ನು ಮತ್ತೆ ಬಿಡಿಸಿ ಹೇಳಬೇಕಾಗುತ್ತದೆ. ಹಾಗಾಗಿ ಹುರುಪೆಯನ್ನೇ ಇಟ್ಟುಕೊಂಡಿದ್ದೇನೆ. ತೊಡಕಿರುವುದು ಅದರ ಬಗೆಗಳಲ್ಲಿ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಲೂಯಿ ಅಗಾಸಿ 1833ರಿಂದ 1843ರವರೆಗೆ ಪಳೆಯುಳಿಕೆ ಮೀನುಗಳ ಮೇಲೆ ದೊಡ್ಡ ಗ್ರಂಥವನ್ನೇ ಹೊರತಂದರು. ಹುರುಪೆ ನೋಡಿ ಮೀನುಗಳನ್ನು ನಾಲ್ಕು ಗುಂಪು ಮಾಡಿದರು: ಪ್ಲಾಕಾಯ್ಡ್, ಗ್ಯಾನಾಯ್ಡ್, ಸೈಕ್ಲಾಯ್ಡ್, ಟೀನಾಯ್ಡ್. ಮಾಂಸ ಕೊಳೆತು ಹೋದರೂ ಹುರುಪೆ ಕಲ್ಲಿನಲ್ಲಿ ಉಳಿಯುತ್ತದೆ, ಅಲ್ವಾ? ಅದಕ್ಕೇ ಅದು ಅಷ್ಟು ಮುಖ್ಯ.

ಸೈಕ್ಲಾಯ್ಡಿಗೆ 'ದುಂಡುಹುರುಪೆ' ಅಂತ ಬರೆದಿದ್ದೇನೆ. ರೋಹು, ಕಾಟ್ಲಾ ಮೀನುಗಳದ್ದು ಇದೇ. ಮಾರ್ಕೆಟ್ಟಿನಲ್ಲಿ ಹೆರೆದು ಬಿಸಾಡಿದ ಒಂದು ಹುರುಪೆಯನ್ನು ತೊಳೆದು ಬೆಳಕಿಗೆ ಹಿಡಿದರೆ ಅಂಚು ನುಣ್ಣಗಿರುತ್ತದೆ, ಒಳಗೆ ಸುತ್ತು ಸುತ್ತಾಗಿ ಸಣ್ಣ ಗೆರೆಗಳು ಕಾಣುತ್ತವೆ. ಟೀನಾಯ್ಡಿನ ಹಿಂದಿನ ಅಂಚಿನಲ್ಲಿ ಸಾಲಾಗಿ ಸಣ್ಣ ಮುಳ್ಳುಗಳಿರುತ್ತವೆ. ಬಾಲದಿಂದ ತಲೆ ಕಡೆಗೆ ಕೈಯಾಡಿಸಿದರೆ ತರಿತರಿ ಅನ್ನಿಸುತ್ತದೆ. ಇದಕ್ಕೆ 'ಬಾಚಣಿಗೆ ಹುರುಪೆ' ಅನ್ನಲೋ, 'ಹಣಿಗೆ ಹುರುಪೆ' ಅನ್ನಲೋ? ನಮ್ಮ ಕಡೆ ಎರಡೂ ನಡೆಯುತ್ತವೆ. ಚಿಕ್ಕದು ಅಂತ ಹಣಿಗೆಯ ಕಡೆಗೇ ನನ್ನ ಒಲವು.

ಪ್ಲಾಕಾಯ್ಡ್ ಶಾರ್ಕಿನದು. ಅದರ ರಚನೆ ಹಲ್ಲಿನದ್ದೇ. ಒಳಗೆ ತಿರುಳು, ಮೇಲೆ ದಂತದ್ರವ್ಯ (ಡೆಂಟೀನ್, ಹಲ್ಲಿನ ಮುಖ್ಯ ಗಟ್ಟಿ ಭಾಗ), ಅದರ ಮೇಲೆ ಗಟ್ಟಿ ಹೊದಿಕೆ. ಹಾಗಾಗಿ 'ಹಲ್ಲುಹುರುಪೆ' ಸರಿ ಅನ್ನಿಸುತ್ತದೆ.

ನಿಜವಾದ ಕಷ್ಟ ಗ್ಯಾನಾಯ್ಡಿನದು. ದಪ್ಪ, ಹೆಚ್ಚಾಗಿ ವಜ್ರಾಕಾರ, ಮೇಲೆ ಹೊಳೆಯುವ ಪದರ. ಸಹಜವಾಗಿ 'ಹೊಳೆಹುರುಪೆ' ಅಂತ ಬಾಯಿಗೆ ಬರುತ್ತದೆ. ಆದರೆ ತುಂಗಭದ್ರೆಯ ದಂಡೆಯ ಹರಿಹರದ ಮಕ್ಕಳಿಗೆ ಹೊಳೆ ಅಂದರೆ ನದಿ. ಹೊಳೆಮೀನಿನ ಹುರುಪೆ ಅಂದುಕೊಳ್ಳುತ್ತಾರೆ. 'ಮಿಂಚುಹುರುಪೆ' ಹೇಗೆ?

ಬಳಕೆಯ ಬಗ್ಗೆ ಒಂದು ಎಚ್ಚರಿಕೆ. ಅಗಾಸಿಯವರ ನಾಲ್ಕು ಗುಂಪುಗಳು ಇಂದಿನ ವರ್ಗೀಕರಣದಲ್ಲಿ ಇಲ್ಲ. ಈಗ ಎಲುಬು, ದವಡೆ, ರೆಕ್ಕೆಯ ಕಡ್ಡಿಗಳನ್ನು ನೋಡಿ ಯಾವ ಮೀನು ಯಾವುದರ ವಂಶ ಅಂತ ತೀರ್ಮಾನಿಸುತ್ತಾರೆ. ಆ ಹೆಸರುಗಳು ಹುರುಪೆಯ ಬಗೆಗೆ ಮಾತ್ರ ಉಳಿದಿವೆ. ಆದ್ದರಿಂದ 'ದುಂಡುಹುರುಪೆಯ ಮೀನು' ಅನ್ನಬಹುದು, 'ದುಂಡುಹುರುಪೆ ವರ್ಗ' ಅನ್ನಬಾರದು. ಪ್ಲಾಕೋಡರ್ಮ್ ಅನ್ನುವುದು ಬೇರೆಯೇ ಗುಂಪು. ತಲೆ, ಎದೆಗೆ ಎಲುಬಿನ ಫಲಕಗಳಿದ್ದ ಈ ಮೀನುಗಳು ಸುಮಾರು 36 ಕೋಟಿ ವರ್ಷಗಳ ಹಿಂದೆ ಅಳಿದವು. ಅವಕ್ಕೆ 'ಗುರಾಣಿಮೀನು' ಅಂತ ಇಟ್ಟರೆ ಪ್ಲಾಕಾಯ್ಡಿನ ಜೊತೆ ಗೊಂದಲ ಆಗುವುದಿಲ್ಲ.

ಇನ್ನು ಹಳೆಯ ಕಡಲಿನ ಪರಿಸರ. ಇಲ್ಲಿ 'ಆವಾಸ' ಅನ್ನುವ ಒಂದೇ ಪದ ಸಾಲದು. ಮೀನು ಬದುಕಿದ ಜಾಗ, ಸತ್ತ ಜಾಗ, ಹೂತುಹೋದ ಜಾಗ ಮೂರೂ ಬೇರೆ ಬೇರೆ ಇರಬಹುದು. ಹುರುಪೆಯೂ ಕದಲದೆ ಇಡೀ ಮೀನು ಸಿಕ್ಕರೆ ಅಲ್ಲಿ ನೀರು ನಿಶ್ಚಲವಾಗಿತ್ತು, ತಳದಲ್ಲಿ ಆಮ್ಲಜನಕ ಕಡಿಮೆ ಇತ್ತು ಅಂತ ಊಹಿಸುತ್ತಾರೆ. ದಪ್ಪ ಮರಳಿನಲ್ಲಿ ಸವೆದ ಹಲ್ಲುಗಳು ಮಾತ್ರ ಸಿಕ್ಕರೆ ನೀರು ಎಳೆದು ತಂದಿರಬಹುದು. 'ಬದುಕುದಾಣ', 'ಹೂಳುದಾಣ' ಅಂತ ಎರಡು ಪದ ಮಾಡಿಕೊಂಡಿದ್ದೇನೆ. ಕಿವಿಗೆ ಹೇಗೆ ಕೇಳುತ್ತವೆ, ಹೇಳಿ. ಮೀನಿನ ಕಿವಿಯೊಳಗಿನ ಸುಣ್ಣದ ಹರಳಿಗೆ 'ಕಿವಿಗಲ್ಲು' ಸಾಕು ಅಂದುಕೊಂಡಿದ್ದೇನೆ. ಅದರ ಬಳೆಗಳಿಂದ ಮೀನಿನ ವಯಸ್ಸು, ಅದರಲ್ಲಿರುವ ಭಾರದ ಆಮ್ಲಜನಕದ (ತೂಕ ಹೆಚ್ಚಿರುವ ಆಮ್ಲಜನಕದ ಪರಮಾಣುಗಳ) ಪಾಲಿನಿಂದ ಆಗಿನ ನೀರಿನ ಬಿಸಿ ಅಂದಾಜಾಗುತ್ತದೆ. ನೀರು ತಣ್ಣಗಿದ್ದಷ್ಟೂ ಆ ಪಾಲು ಜಾಸ್ತಿ.

ಕೊನೆಯದು ನನ್ನನ್ನು ಜಾಸ್ತಿ ಕಾಡುತ್ತಿರುವ ಪದ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬು ಲಾವಾದ ಚಿತ್ರವೂ ಪ್ರದರ್ಶನದಲ್ಲಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೀರಿನಡಿ ಉಕ್ಕಿದ ಲಾವಾದ ಹೊರಮೈ ತಕ್ಷಣ ಗಟ್ಟಿಯಾಗಿ, ಒಳಗಿನದು ಉಬ್ಬಿ ಉಬ್ಬಿ ಹೊರಬಂದು ಆದ ರೂಪ ಅದು. ಅಂದರೆ ಅಲ್ಲೂ ನೀರಿತ್ತು. ಆದರೆ ಆ ಕಲ್ಲಿಗೆ 250 ಕೋಟಿ ವರ್ಷ ಮೀರಿದೆ. ಮೀನು ಹುಟ್ಟಿದ್ದು ಸುಮಾರು 50 ಕೋಟಿ ವರ್ಷಗಳ ಹಿಂದೆ. ತಮಿಳುನಾಡಿನ ಅರಿಯಲೂರಿನ ಸುತ್ತ ಶಾರ್ಕ್ ಹಲ್ಲು ಸಿಗುವ ಕ್ರಿಟೇಶಿಯಸ್ (ಡೈನೋಸಾರ್‌ಗಳ ಕೊನೆಯ ಯುಗ) ಬಂಡೆಗಳು ಇನ್ನೂ ಎಳೆಯವು, ಸುಮಾರು 10 ಕೋಟಿ ವರ್ಷದ ಆಸುಪಾಸಿನವು. ಎರಡಕ್ಕೂ 'ಪ್ರಾಚೀನ ಸಮುದ್ರ' ಅಂತ ಬರೆದರೆ ದುರ್ಗದ ಕಲ್ಲಿನಲ್ಲೂ ಮೀನು ಹುಡುಕುತ್ತಾರೆ. ಹಳಗನ್ನಡದ ಜಾಡಿನಲ್ಲಿ ಮೀನಿದ್ದ ಕಡಲಿಗೆ 'ಹಳಗಡಲು', ಮೀನಿಗೂ ಮೊದಲಿನದಕ್ಕೆ 'ಮೂಲಗಡಲು' ಅಂತ ಯೋಚಿಸಿದ್ದೇನೆ. ಪಕ್ಕದಲ್ಲಿ ವರ್ಷವನ್ನೂ ಹಾಕುತ್ತೇನೆ. ಇದಕ್ಕಿಂತ ಒಳ್ಳೆಯ ಜೋಡಿ ಹೊಳೆದರೆ ದಯವಿಟ್ಟು ತಿಳಿಸಿ.

ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ಶಾರ್ಕಿಗೆ ನಿಮ್ಮಲ್ಲಿ 'ತಾಟೆ' ಅನ್ನುತ್ತೀರಲ್ಲ, ಅದು ಎಲ್ಲ ಬಗೆಯ ಶಾರ್ಕಿಗೂ ಸಲ್ಲುತ್ತದೆಯೇ, ಇಲ್ಲ ಕೆಲವಕ್ಕೆ ಮಾತ್ರವೇ? ಎಲ್ಲಕ್ಕೂ ಸಲ್ಲುವುದಾದರೆ ಫಲಕದಲ್ಲಿ ಶಾರ್ಕಿನ ಪಕ್ಕ ಅದನ್ನೂ ಸೇರಿಸುತ್ತೇನೆ.