ಸಹಾಯ ಬೇಕು: ಕಾರಿಗೆ ನೀಲಿ ಬಣ್ಣದ ವೈಡ್ ಆಂಗಲ್ ಸೈಡ್ ಮಿರರ್ ಹಾಕಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮೊನ್ನೆ ಸಂಜೆ ಹೆಬ್ಬಾಳ ಫ್ಲೈಓವರ್ ಇಳಿಯುವಾಗ ಎಡಗಡೆ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿಯೇ ಲೇನ್ ಬದಲಿಸಿದೆ. ಹಿಂದಿನ ಬಾಗಿಲ ಪಕ್ಕದಲ್ಲೇ ಒಂದು ಸ್ಕೂಟರ್, ಮುಂದೆ ಮಗುವನ್ನು ನಿಲ್ಲಿಸಿಕೊಂಡಿದ್ದರು. ಹಾರ್ನ್ ಕೇಳಿ ಬ್ರೇಕ್ ಒತ್ತಿದೆ. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ಮಗುವಿನ ಹಳದಿ ಟೋಪಿ ಇನ್ನೂ ಕಣ್ಣ ಮುಂದೆಯೇ ಇದೆ.

ಕನ್ನಡಿಯನ್ನು ಹೊರಕ್ಕೆ ತಿರುಗಿಸಿಯೂ ನೋಡಿದೆ. ಈಗ ನನ್ನ ಕಾರಿನ ಅಂಚು ಒಂದು ಗೆರೆಯಷ್ಟೇ ಕಾಣುತ್ತದೆ, ಆದರೂ ಬೈಕ್ ಮರೆಯಾಗುವಷ್ಟು ಜಾಗ ಉಳಿಯುತ್ತದೆ. ಮೂಲೆಗೆ ಅಂಟಿಸಿದ್ದ ಗುಂಡು ಕನ್ನಡಿ ಒಂದೇ ಮಳೆಗಾಲಕ್ಕೆ ಕಿತ್ತುಬಂತು.

ಜೆ.ಸಿ. ರಸ್ತೆಯ ಕಾರು ಬಿಡಿಭಾಗಗಳ ಅಂಗಡಿಯಲ್ಲಿ ವೈಡ್ ಆಂಗಲ್ ನೀಲಿ ಗಾಜು ತೋರಿಸಿದರು. ಇಂಥ ಉಬ್ಬುಗನ್ನಡಿ ಹೆಚ್ಚು ಜಾಗ ತೋರಿಸುತ್ತದೆ ನಿಜ, ಆದರೆ ಹಿಂದಿನ ಗಾಡಿ ಇರುವುದಕ್ಕಿಂತ ಚಿಕ್ಕದಾಗಿ, ದೂರದಲ್ಲಿದ್ದ ಹಾಗೆ ಕಾಣುತ್ತದೆ. ನನ್ನ ಭಯ ಅದೇ. ನೀಲಿ ಬಣ್ಣದಿಂದ ಹೈಬೀಮ್ ಕಣ್ಣು ಕುಕ್ಕುವುದು ಕಡಿಮೆಯಾಗಬಹುದು, ಆದರೆ ಬೀದಿದೀಪ ಇಲ್ಲದ ಕಡೆ, ಮಳೆಯಲ್ಲಿ, ಬೈಕ್ ಕಾಣುತ್ತಾ?

ಬಳಸಿದವರು ದಯವಿಟ್ಟು ಹೇಳಿ. ದೂರದ ಅಂದಾಜು ಕಣ್ಣಿಗೆ ಒಗ್ಗಲು ಎಷ್ಟು ದಿನ ಬೇಕಾಯಿತು? ಹಳೆ ಗಾಜಿನ ಮೇಲೇ ಅಂಟಿಸಿದಿರಾ, ಗಾಜನ್ನೇ ಬದಲಿಸಿದಿರಾ? ಎಡಕ್ಕೆ ಮಾತ್ರ ಹಾಕಿಸಿದರೆ ನಡೆಯುತ್ತಾ? ರಾತ್ರಿ ಹೊತ್ತು ಓಡಿಸುವವರ ಅನುಭವ ಮುಖ್ಯವಾಗಿ ಬೇಕು.