ಸಹಾಯ ಬೇಕು: ಅಜ್ಜಿ ಸೊಂಟದ ಆಪರೇಷನ್, ರಾಡಾ ಪ್ಲೇಟಾ?

ನಮಸ್ಕಾರ, ತೀರ್ಥಹಳ್ಳಿ ಕಡೆಯವ್ನು. ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿದ್ರೂ ನಮ್ಮಜ್ಜಿ ಪಕ್ಕದ ಹಾವಸೆ ಮೇಲೆ ಕಾಲಿಟ್ಟು ಜಾರಿ ಬಿದ್ದಿದಾರೆ (ಹೇಳಿದ್ ಕೇಳೋ ಪೈಕಿ ಅಲ್ಲ), ಈಗ ಶಿವಮೊಗ್ಗದಲ್ಲಿ ಅಡ್ಮಿಟ್. ಇಂಟರ್‌ಟ್ರೋಕ್ಯಾಂಟರಿಕ್ ಫ್ರಾಕ್ಚರ್ (ತೊಡೆ ಮೂಳೆ ಸೊಂಟದ ಹತ್ರ ಮುರಿದಿದೆ), ಅನ್‌ಸ್ಟೇಬಲ್ ಅಂತೆ, ಅಂದ್ರೆ ಮುರಿದ ತುಂಡು ಜಾಗದಲ್ಲಿ ನಿಲ್ಲಲ್ಲ, ಕಾಲು ಗಿಡ್ಡ ಆಗಿ ಪಾದ ಹೊರಗಡೆ ತಿರುಗಿದೆ. ಒಬ್ರು ಡಾಕ್ಟ್ರು ಪಿಎಫ್‌ಎನ್, ಅಂದ್ರೆ ಮೂಳೆ ಒಳಗೇ ರಾಡ್ ಹಾಕೋಣ ಅಂತಾರೆ, ಇನ್ನೊಬ್ರು ಡಿಎಚ್‌ಎಸ್, ಅಂದ್ರೆ ಮೂಳೆ ಹೊರಗಡೆಯಿಂದ ಸ್ಕ್ರೂ ಹಾಕಿ ಕೂರ್ಸೋ ಪ್ಲೇಟ್ ಸಾಕು ಅಂತಾರೆ, ನಂಗೇನೋ ಅನ್‌ಸ್ಟೇಬಲ್ ಅಂದ್ಮೇಲೆ ರಾಡೇ ಸರಿ ಅನ್ಸತ್ತೆ. ಪಕ್ಕದ್ಮನೆಯವ್ರಿಗೆ ಸೊಂಟದ ಕೀಲಿನ ಬಾಲ್ (ತೊಡೆ ಮೂಳೆಯ ಗುಂಡು ತಲೆ) ಬದಲಾಯ್ಸಿದ್ರು, ಆದ್ರೆ ಅವ್ರದ್ದು ಆ ಬಾಲಿನ ಕೆಳಗಿನ ತೊಡೆ ಮೂಳೆ ಕುತ್ತಿಗೇಲಿ ಮುರಿದು ಬಾಲಿಗೆ ರಕ್ತ ಹೋಗೋದು ನಿಂತಿತ್ತು, ಅದೇ ಬೇರೆ. ಮಲಗೇ ಇದ್ರೆ ನ್ಯುಮೋನಿಯಾ, ಬೆನ್ನು ಹುಣ್ಣು ಅಂತ ಭಯ, ನಾಟಿ ಪಟ್ಟು ಕಟ್ಸೋಣ ಅಂತಿದ್ದ ಮಾವನ್ನ ಸುಮ್ನಿರ್ಸಿದೀವಿ. ಪಿಎಫ್‌ಎನ್ ಮಾಡ್ಸಿದೋರು ಇದ್ರೆ ವಾಕರ್ ಹಿಡ್ಸಿ ಯಾವಾಗ ನಿಲ್ಸಿದ್ರು, ಆಯುಷ್ಮಾನ್ ಕಾರ್ಡಲ್ಲಿ ರಾಡ್ ಖರ್ಚು ಬಂತಾ, ದಯವಿಟ್ಟು ಬೇಗ ಹೇಳಿ, ನಾಳೆ ಬೆಳಿಗ್ಗೆ ಸೈನ್ ಹಾಕ್ಬೇಕು.